ಮೊಸರು ಕಹಿಯಾದದ್ದು ಯಾಕೆ: ಪೆರ್ಲ ಕಡೆಯ ಒಂದು ಹಟ್ಟಿಯ ಪ್ರಕರಣ

ಕಾಸರಗೋಡು ಜಿಲ್ಲೆಯ ಪೆರ್ಲ ಪೇಟೆಯಿಂದ ಸ್ವಲ್ಪ ಒಳಗೆ ಒಂದು ಅಡಿಕೆ ತೋಟದ ಮನೆ. ದನದ ಹಟ್ಟಿಯಲ್ಲಿ ಇರುವುದೆಲ್ಲ ಕಾಸರಗೋಡು ಗಿಡ್ಡ ಎಂಬ ಕುಳ್ಳ ತಳಿ. ಹಗಲು ಗುಡ್ಡದಲ್ಲಿ ಮೇಯುತ್ತವೆ, ಸಂಜೆ ಬಂದ ಮೇಲೆ ಬೈಹುಲ್ಲು, ಅಡಿಕೆ ಹಾಳೆ, ಒಂದಿಷ್ಟು ಅಕ್ಕಚ್ಚು. ಆ ಹಾಲಿನ ಮೊಸರನ್ನು ಬಾಟಲಿಗೆ ತುಂಬಿಸಿ ಬದಿಯಡ್ಕ, ಕುಂಬಳೆ, ಕಾಸರಗೋಡು ಪೇಟೆಯ ಮನೆಗಳಿಗೆ ಕೊಡುತ್ತಾರೆ. ಒಂದು ಮಳೆಗಾಲದಲ್ಲಿ ಅವರಿಗೆ ಎರಡು ದೂರು ಒಟ್ಟೊಟ್ಟಿಗೆ ಬಂದವು. ಮೊಸರು ಕಹಿ ಅಂತ ಒಂದು. ಈ ಮೊಸರನ್ನು ನಂಬಿ ನಿವೃತ್ತ ಮಾಸ್ಟ್ರೊಬ್ಬರು ಬಿಪಿ ಮಾತ್ರೆ ಬಿಟ್ಟಿದ್ದಾರೆ ಅಂತ ಇನ್ನೊಂದು.

ಎರಡಕ್ಕೂ ಬೇರು ಒಂದೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊಸರಿನ ವ್ಯಾಪಾರ ನೋಡಿಕೊಳ್ಳುವ ಹುಡುಗ ಸಂಬಂಧದಲ್ಲಿ ನನಗೆ ಭಾವ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದವನು. ಓದುವ ಚಟ ಇದೆ, ಅದು ಒಳ್ಳೆಯದೇ. ಓದುತ್ತಾ ಓದುತ್ತಾ ಅವನಿಗೆ ಹಾಲಿನ ಪ್ರೋಟೀನಿನಿಂದ ಹುಟ್ಟುವ ಪೆಪ್ಟೈಡ್‌ಗಳ, ಅಂದರೆ ಪ್ರೋಟೀನಿನ ಸಣ್ಣ ತುಂಡುಗಳ, ಸುದ್ದಿ ಸಿಕ್ಕಿದೆ. ನಾನು ವರ್ಷಗಟ್ಟಲೆ ಕೆಲಸ ಮಾಡುತ್ತಿರುವುದೂ ಅದರ ಮೇಲೆಯೇ. ಆದರೆ ಅವನು ನನ್ನನ್ನು ಕೇಳಿದ್ದು ಬಾಟಲಿಗಳು ವಾಪಸು ಬರಲು ಶುರುವಾದ ಮೇಲೆ.

ಅವನು ಮಾಡಿದ್ದೇನು?

ಮನೆಯ ಹೆಪ್ಪು ಬಿಟ್ಟು ಆನ್‌ಲೈನ್‌ನಲ್ಲಿ ಬೇರೆ ಹೆಪ್ಪಿನ ಪುಡಿ ತರಿಸಿದ. ಲ್ಯಾಕ್ಟೋಬ್ಯಾಸಿಲಸ್ ಹೆಲ್ವೆಟಿಕಸ್ ಎಂಬ ಬ್ಯಾಕ್ಟೀರಿಯಾ ಅದು. ಸ್ವಿಸ್ ಚೀಸ್ ಮಾಡುವವರಿಗೆ ಹಳೆಯ ಪರಿಚಯ. ಹಾಲಿನ ಪ್ರೋಟೀನನ್ನು ಕತ್ತರಿಸುವುದರಲ್ಲಿ ಮೊಸರಿನ ಬೇರೆ ಬ್ಯಾಕ್ಟೀರಿಯಾಗಳಿಗಿಂತ ಇದರ ಕೈ ಮುಂದೆ. ಜಾಸ್ತಿ ಹೊತ್ತು ಬಿಟ್ಟರೆ ಜಾಸ್ತಿ ಪೆಪ್ಟೈಡ್ ಅಂತ ಲೆಕ್ಕ ಹಾಕಿ ಒಂದು ಇಡೀ ಹಗಲು, ಒಂದು ಇಡೀ ರಾತ್ರಿ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಟ್ಟ. ಆಮೇಲೆ ಒಂದು ಖಾಸಗಿ ಲ್ಯಾಬಿಗೆ ಸ್ಯಾಂಪಲ್ ಕಳಿಸಿದ. ವರದಿ ಬಂತು: 'ಎಸಿಇ ತಡೆ ಶೇ. 70ಕ್ಕಿಂತ ಹೆಚ್ಚು'. ಎಸಿಇ ಅಂದರೆ ಮೈಯಲ್ಲಿ ಬಿಪಿ ಏರಿಸುವ ಒಂದು ಕಿಣ್ವ. ಮರುವಾರ ಹೊಸ ಲೇಬಲ್ ಅಚ್ಚಾಯಿತು. 'ಗಿಡ್ಡ ತಳಿಯ ಎ2 ಮೊಸರು. ಬಿಪಿ ನಿಯಂತ್ರಣಕ್ಕೆ. ಲ್ಯಾಬ್‌ನಲ್ಲಿ ಸಾಬೀತು.' ಕನ್ನಡದಲ್ಲೂ ಮಲಯಾಳದಲ್ಲೂ.

ಲ್ಯಾಬಿನವರು ಸುಳ್ಳು ಬರೆದಿರಲಿಲ್ಲ. ಹುಡುಗ ಮೋಸ ಮಾಡುವ ಜನವೂ ಅಲ್ಲ. ಹಾಗಿದ್ದರೆ ಎಡವಟ್ಟು ಆದದ್ದು ಎಲ್ಲಿ?

ಮೊದಲು ಹಾಲಿನ ಒಳಗೆ

ದನದ ಹಾಲಿನಲ್ಲಿ ಪ್ರೋಟೀನ್ ಶೇ. 3ರಿಂದ 3.5ರಷ್ಟು. ಅದರಲ್ಲಿ ನೂರಕ್ಕೆ 80 ಭಾಗ ಕೇಸೀನ್. ಉಳಿದ 20 ಭಾಗ ಮೊಸರು ಒಡೆದಾಗ ಮೇಲೆ ನಿಲ್ಲುವ ತಿಳಿನೀರಿನಲ್ಲಿ ಇರುವಂಥದು. ಕೇಸೀನ್‌ನಲ್ಲಿ ನಾಲ್ಕು ಬಗೆ. ನಮ್ಮ ಕಥೆಗೆ ಬೇಕಾದದ್ದು ಬೀಟಾ ಕೇಸೀನ್. 209 ಅಮೈನೋ ಆಮ್ಲಗಳ ಉದ್ದನೆಯ ಸರಪಳಿ ಅದು. ಅದರಲ್ಲಿ 35 ಪ್ರೋಲೀನ್ ಎಂಬ ಬಗೆಯವು. ಒಂದು ಪ್ರೋಟೀನಿಗೆ ಇದು ಬಹಳ ಜಾಸ್ತಿ. ಈ ಪ್ರೋಲೀನನ್ನು ನೆನಪಿಡಿ, ಮುಂದೆ ಮತ್ತೆ ಮತ್ತೆ ಬರುತ್ತದೆ.

ಸರಪಳಿ ಇಡಿಯಾಗಿ ಇರುವಾಗ ಅದು ಬರೀ ಆಹಾರ. ಬ್ಯಾಕ್ಟೀರಿಯಾದ ಕಿಣ್ವವೋ ನಮ್ಮ ಹೊಟ್ಟೆಯ ಪೆಪ್ಸಿನ್ನೋ ಅಡಕತ್ತರಿಯ ಹಾಗೆ ಅದನ್ನು ಕತ್ತರಿಸಿದಾಗ ಸಣ್ಣ ಸಣ್ಣ ತುಂಡುಗಳು ಹೊರಗೆ ಬರುತ್ತವೆ. ಕೆಲವು ತುಂಡುಗಳಿಗೆ ಪ್ರೋಟೀನಿಗೆ ಇಲ್ಲದ ಗುಣ ಇರುತ್ತದೆ. ಅವನ್ನೇ ಬಯೋಆಕ್ಟಿವ್ ಪೆಪ್ಟೈಡ್ ಅನ್ನುವುದು. ವಿಷಯ ಹೊಸದಲ್ಲ. 1950ರಲ್ಲೇ ಸ್ವೀಡನ್ನಿನ ಮೆಲ್ಯಾಂಡರ್ ಎಂಬ ವಿಜ್ಞಾನಿ, ಕೇಸೀನ್‌ನ ರಂಜಕ ಇರುವ ತುಂಡುಗಳು ರಿಕೆಟ್ಸ್ ಬಂದ ಕೂಸುಗಳ ಎಲುಬಿಗೆ ಕ್ಯಾಲ್ಸಿಯಂ ಸೇರಲು ನೆರವಾಗುತ್ತವೆ ಅಂತ ಬರೆದಿದ್ದರು. 1979ರಲ್ಲಿ ಜರ್ಮನಿಯವರು ಬೀಟಾ ಕೇಸೀನ್‌ನಿಂದ ಅಫೀಮಿನ ಗುಣದ ತುಂಡೊಂದನ್ನು ಪತ್ತೆ ಮಾಡಿದರು. ಅದೇ ಬೀಟಾ ಕ್ಯಾಸೋಮಾರ್ಫಿನ್.

ಬಿಪಿಯ ಕಥೆ ಬರುವುದು ಜಪಾನಿನಿಂದ. ಅಲ್ಲಿ 1919ರಿಂದ ಮಾರುತ್ತಿರುವ ಕ್ಯಾಲ್ಪಿಸ್ ಎಂಬ ಹುಳಿ ಹಾಲಿನ ಪಾನೀಯ ಇದೆ. 1995ರಲ್ಲಿ ಅದೇ ಬಗೆಯ ಹುಳಿ ಹಾಲಿನಿಂದ ಮೂರೇ ಅಮೈನೋ ಆಮ್ಲಗಳ ಎರಡು ತುಂಡು ಬೇರ್ಪಡಿಸಿದರು. ಒಂದು ವೇಲಿನ್-ಪ್ರೋಲೀನ್-ಪ್ರೋಲೀನ್. ಇನ್ನೊಂದು ಐಸೋಲ್ಯೂಸಿನ್-ಪ್ರೋಲೀನ್-ಪ್ರೋಲೀನ್. ಹುಳಿ ಮಾಡಿದ್ದು ಹೆಲ್ವೆಟಿಕಸ್. ಎರಡೂ ತುಂಡುಗಳು ಎಸಿಇ ಎಂಬ ಕಿಣ್ವವನ್ನು ತಡೆಯುತ್ತವೆ. ಎಸಿಇ ನಮ್ಮ ಮೈಯಲ್ಲಿ ರಕ್ತನಾಳ ಬಿಗಿಯಾಗಿಸುವ ಆಂಜಿಯೋಟೆನ್ಸಿನ್ ತಯಾರು ಮಾಡುವ ಕಿಣ್ವ. ಅದನ್ನು ತಡೆದರೆ ನಾಳ ಸಡಿಲ, ಒತ್ತಡ ಕಡಿಮೆ.

ಎಸಿಇಯನ್ನು ತಡೆದು ಬಿಪಿ ಇಳಿಸುವ ಮಾತ್ರೆಗಳ ಮೂಲವೂ ಒಂದು ಪೆಪ್ಟೈಡೇ. ಬ್ರೆಜಿಲ್‌ನ ಜರರಾಕಾ ಎಂಬ ಹಾವಿನ ವಿಷದಲ್ಲಿ ಸಿಕ್ಕಿದ್ದು. ಅದರ ಜಾಡು ಹಿಡಿದು ಕ್ಯಾಪ್ಟೋಪ್ರಿಲ್ ಬಂತು, ಆಮೇಲೆ ಎನಾಲಾಪ್ರಿಲ್, ರಾಮಿಪ್ರಿಲ್. ನಮ್ಮ ಮಾಸ್ಟ್ರು ತೆಗೆದುಕೊಳ್ಳುತ್ತಿದ್ದದ್ದು ರಾಮಿಪ್ರಿಲ್. ಭಾವ ಅವರಿಗೆ ಹೇಳಿದ್ದು ಇಷ್ಟೇ: "ಮಾಸ್ಟ್ರೇ, ನಿಮ್ಮ ಮಾತ್ರೆ ಮಾಡುವ ಕೆಲಸವನ್ನೇ ಈ ಮೊಸರೂ ಮಾಡ್ತದೆ." ಪಾಠ ಮಾಡಿದವರು, ವಿಷಯ ಹಿಡಿದುಕೊಂಡರು. ಎರಡು ಒಂದೇ ಕೆಲಸ ಮಾಡುವುದಾದರೆ ಒಂದು ಸಾಕಲ್ಲ ಅಂತ ಮಾತ್ರೆ ನಿಲ್ಲಿಸಿದರು. ಮಗಳು ಮಂಗಳೂರಿನಿಂದ ಬಂದವಳು ಬಿಪಿ ನೋಡಿಸಿದಾಗ ಗೊತ್ತಾಯಿತು. ಡಾಕ್ಟರು ಬೈದು ಮಾತ್ರೆ ಮತ್ತೆ ಶುರು ಮಾಡಿಸಿದರು. ಪುಣ್ಯಕ್ಕೆ ಏನೂ ಆಗಲಿಲ್ಲ.

ಕಹಿಯ ಹಿಂದೆ ಹೋದದ್ದು

ಮೊದಲ ಸಲ ಕಹಿ ಅಂದದ್ದು ಭಾವನ ಅಜ್ಜಿ. ಒಂದೆಲಗದ ತಂಬುಳಿಗೆ ಆ ಮೊಸರು ಹಾಕಿದ್ದರು. ಒಂದೆಲಗಕ್ಕೆ ಅದರದ್ದೇ ಒಂದು ಸಣ್ಣ ಕಹಿ ಇದೆ ಅಲ್ವಾ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮರುದಿನ ಬರೀ ಮೊಸರನ್ನ ಉಂಡಾಗ ಅಜ್ಜಿ ಬಟ್ಟಲು ಪಕ್ಕಕ್ಕೆ ತಳ್ಳಿದರು. "ಹುಳಿ ಅಲ್ಲ ಮಾರಾಯಾ, ಕಹಿ ಉಂಟು ಇದು." ಅಷ್ಟರಲ್ಲಿ ಪೇಟೆಯ ಮನೆಗಳಿಂದಲೂ ಫೋನು ಬರಲು ಶುರು. ಒಂದು ಜೆಂಬ್ರಕ್ಕೆ, ಅಂದರೆ ಮನೆಯ ಸಮಾರಂಭಕ್ಕೆ, ಕೊಟ್ಟ ಮೊಸರಂತೂ ಇಡಿಯಾಗಿ ವಾಪಸು ಬಂತು. ಜೆಂಬ್ರದ ಮನೆಯಿಂದ ಮೊಸರು ವಾಪಸು ಬರುವುದೆಂದರೆ ನಮ್ಮ ಕಡೆ ಅದು ಸಣ್ಣ ಮಾತಲ್ಲ.

ಭಾವನ ಅನುಮಾನ ಹೋದದ್ದು ಮೇವಿನ ಮೇಲೆ. ಮಳೆಗಾಲದಲ್ಲಿ ಗುಡ್ಡದ ಯಾವುದೋ ಸೊಪ್ಪು ತಿಂದಿರಬೇಕು ಅಂತ. ಆಗುವುದಿಲ್ಲ ಅಂತಲ್ಲ. ಆದರೆ ಮೇವಿನ ಕಹಿ ಹಾಲಿನಲ್ಲೇ ಇರುತ್ತದೆ. ಇಲ್ಲಿ ಹಸಿ ಹಾಲು ರುಚಿಯಾಗಿಯೇ ಇತ್ತು. ಮೊಸರಾಗುವಾಗ ಕಹಿ ಹುಟ್ಟುತ್ತಿತ್ತು. ಹಾಗಾದರೆ ಅದು ಪೆಪ್ಟೈಡ್.

ಪ್ರೋಟೀನಿಗೆ ರುಚಿ ಇಲ್ಲ. ಅದನ್ನು ಕತ್ತರಿಸಿದಾಗ, ನೀರಿಗೆ ಒಗ್ಗದ ಅಮೈನೋ ಆಮ್ಲಗಳು ಗುಂಪಾಗಿರುವ ಸಣ್ಣ ತುಂಡುಗಳು ಕಹಿ ಕೊಡುತ್ತವೆ. ಲ್ಯೂಸಿನ್, ವೇಲಿನ್, ಐಸೋಲ್ಯೂಸಿನ್, ಫಿನೈಲ್‌ಅಲನಿನ್, ನಮ್ಮ ಪ್ರೋಲೀನ್, ಎಲ್ಲ ಆ ಪೈಕಿ. 1971ರಲ್ಲಿ ನೈ ಎಂಬವರು ಇದಕ್ಕೊಂದು ಲೆಕ್ಕವನ್ನೇ ಕೊಟ್ಟರು. ತುಂಡಿನ ಅಮೈನೋ ಆಮ್ಲಗಳ ನೀರು-ದ್ವೇಷದ ಸರಾಸರಿ ಒಂದು ಮಿತಿ ದಾಟಿದರೆ ಅದು ಕಹಿ ಅಂತ ಹೇಳಬಹುದು, ನೆಕ್ಕಿ ನೋಡಬೇಕಾಗಿಲ್ಲ. ಬೀಟಾ ಕೇಸೀನ್‌ನ ಬಾಲದ ಕಡೆಯ ತುಂಡು, 193ರಿಂದ 209ರ ತನಕದ್ದು, ಚೀಸ್ ಮಾಡುವವರಿಗೆ ಕಹಿಯ ಹಳೆಯ ಶತ್ರು.

ಈಗ ಎಸಿಇ ಕಡೆ ನೋಡಿ. ಆ ಕಿಣ್ವಕ್ಕೆ ಅಂಟಿಕೊಂಡು ತಡೆಯುವ ತುಂಡುಗಳು ಎಂಥವು? ಸಣ್ಣವು, ನೀರಿಗೆ ಒಗ್ಗದವು, ಕೊನೆಯಲ್ಲಿ ಪ್ರೋಲೀನ್ ಇರುವಂಥವು. ಕಹಿಯ ಪಟ್ಟಿ ಮತ್ತು ಎಸಿಇ ತಡೆಯ ಪಟ್ಟಿ ಬಹಳ ಮಟ್ಟಿಗೆ ಒಂದರ ಮೇಲೊಂದು ಕೂರುತ್ತವೆ. ಭಾವ ಯಾವುದನ್ನು ಜಾಸ್ತಿ ಮಾಡಲು ಹೊರಟಿದ್ದನೋ ಅಜ್ಜಿಯ ನಾಲಗೆಗೆ ಸಿಕ್ಕಿದ್ದೂ ಅದೇ ಜಾತಿಯದು. ಲ್ಯಾಬಿನ ವರದಿ ಮತ್ತು ವಾಪಸು ಬಂದ ಬಾಟಲಿ, ಎರಡೂ ಒಂದೇ ಸಂಗತಿಯನ್ನು ಹೇಳುತ್ತಿದ್ದವು.

ಆದರೆ ತಪ್ಪು ಬರೀ ಹೆಪ್ಪಿನದ್ದು ಅಂತ ಸುಮ್ನೆ ತೀರ್ಪು ಕೊಡುವ ಹಾಗಿರಲಿಲ್ಲ. ಹಟ್ಟಿಗೆ ಹೋಗಿ ನೋಡಿದಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಗಿಡ್ಡ ದನ ಕೊಡುವುದು ದಿನಕ್ಕೆ ಒಂದೆರಡು ಲೀಟರ್. ಕರುವಿಗೆ ಬಿಟ್ಟು ಉಳಿದದ್ದು ಅದಕ್ಕೂ ಕಡಿಮೆ. ಒಂದು ಸಲದ ಮೊಸರಿಗೆ ಸಾಕಾಗುವಷ್ಟು ಹಾಲು ಸೇರಲು ಮೂರು ದಿನದ ಹಾಲನ್ನು ಫ್ರಿಜ್ಜಿನಲ್ಲಿ ಒಟ್ಟು ಮಾಡುತ್ತಿದ್ದರು. ಹಸಿ ಹಾಲು, ಕಾಯಿಸದ್ದು. ಎಲ್ಲ ಸೇರಿದ ಮೇಲೆ ಒಮ್ಮೆಲೇ ಕಾಯಿಸುವುದು. ಮಳೆಗಾಲದಲ್ಲಿ ಆ ಕಡೆ ಕರೆಂಟಿನ ಕಥೆ ಗೊತ್ತಲ್ಲ, ಗಾಳಿ ಬೀಸಿದರೆ ಹೋಯಿತು.

ಫ್ರಿಜ್ಜಿನ ತಂಪಿನಲ್ಲೂ ಬೆಳೆಯುವ ಬ್ಯಾಕ್ಟೀರಿಯಾಗಳಿವೆ. ಸ್ಯೂಡೋಮೊನಾಸ್ ಅವುಗಳಲ್ಲಿ ಮುಖ್ಯ. ಅದು ಹೊರಗೆ ಬಿಡುವ ಪ್ರೋಟೀನ್ ಕತ್ತರಿಸುವ ಕಿಣ್ವ ಎಷ್ಟು ಗಟ್ಟಿ ಅಂದರೆ ಹಾಲು ಕಾಯಿಸಿದಾಗ ಬ್ಯಾಕ್ಟೀರಿಯಾ ಸಾಯುತ್ತದೆ, ಕಿಣ್ವ ಉಳಿಯುತ್ತದೆ. ಇದರ ಜೊತೆಗೆ ಹಾಲಿನಲ್ಲಿ ಹುಟ್ಟಿನಿಂದಲೇ ಪ್ಲಾಸ್ಮಿನ್ ಎಂಬ ಕಿಣ್ವ ಇರುತ್ತದೆ. ದನ ಬತ್ತಲು ಬಂದಾಗ ಅದರ ಪ್ರಮಾಣ ಏರುತ್ತದೆ. ಇನ್ನೊಂದು ಸೂಕ್ಷ್ಮ: ಹಾಲು ತಣ್ಣಗಾದಾಗ ಬೀಟಾ ಕೇಸೀನ್‌ನ ಒಂದು ಪಾಲು ತನ್ನ ಉಂಡೆಯಿಂದ ಬಿಡಿಸಿಕೊಂಡು ನೀರಿನ ಭಾಗಕ್ಕೆ ಬರುತ್ತದೆ. ಕಿಣ್ವದ ಬಾಯಿಗೆ ತಾನಾಗಿ ಹೋಗಿ ಬಿದ್ದ ಹಾಗೆ.

ಹೀಗಾಗಿ ಅನುಮಾನ ಎರಡು. ಹೊಸ ಹೆಪ್ಪು, ಹಳೆಯ ಹಾಲು. ಬೇರೆ ಬೇರೆಯಾಗಿ ನೋಡದೆ ತಿಳಿಯುವುದಿಲ್ಲ.

ನಾಲ್ಕು ಪಾತ್ರೆ ಇಟ್ಟೆವು. ಅಂದೇ ಕರೆದು ಕಾಯಿಸಿದ ಹಾಲಿಗೆ ಮನೆಯ ಹೆಪ್ಪು. ಅದೇ ಹಾಲಿಗೆ ಹೆಲ್ವೆಟಿಕಸ್. ಫ್ರಿಜ್ಜಿನಲ್ಲಿ ಮೂರು ದಿನ ಕೂತ ಹಾಲಿಗೆ ಮನೆಯ ಹೆಪ್ಪು. ಅದಕ್ಕೇ ಹೆಲ್ವೆಟಿಕಸ್. ಮನೆಯ ಹೆಪ್ಪಿನವು ರಾತ್ರಿಯಿಂದ ಬೆಳಿಗ್ಗೆ ತನಕ, ಮಾಮೂಲಿನ ಹಾಗೆ. ಹೆಲ್ವೆಟಿಕಸ್‌ನವು ಭಾವ ಇಡುತ್ತಿದ್ದ ಹಾಗೆ ಪೂರ್ತಿ ಒಂದು ದಿನ. ಸ್ಟೀಲ್ ಲೋಟಗಳ ಅಡಿಯಲ್ಲಿ ಗುರುತು ಬರೆದು ಅಜ್ಜಿ, ಅತ್ತೆ ಮತ್ತು ಪಕ್ಕದ ಮನೆಯ ಒಬ್ಬರ ಮುಂದೆ ಇಟ್ಟೆವು. ಯಾವುದು ಯಾವುದೆಂದು ಅವರಿಗೆ ಹೇಳಲಿಲ್ಲ. ಪ್ರತಿ ಲೋಟದ ನಡುವೆ ಬಾಯಿ ತೊಳೆಯಲು ಬಿಸಿನೀರು. ಅಜ್ಜಿಗೆ ಈ ಪರೀಕ್ಷೆ ಬಹಳ ಖುಷಿ ಕೊಟ್ಟಿತು ಅಂತ ಕಾಣುತ್ತದೆ. ಲೋಟ ಎತ್ತುವ ಮೊದಲು ಮೂಸುತ್ತಿದ್ದರು, ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು.

ತಾಜಾ ಹಾಲು, ಮನೆಯ ಹೆಪ್ಪು: ಮೂವರೂ ಒಳ್ಳೆಯದು ಅಂದರು. ತಾಜಾ ಹಾಲಿಗೆ ಹೆಲ್ವೆಟಿಕಸ್ ಹಾಕಿದ್ದು: ತುಂಬಾ ಹುಳಿ, ಕೊನೆಗೆ ಕಹಿ. ಹಳೆಯ ಹಾಲಿಗೆ ಮನೆಯ ಹೆಪ್ಪು ಹಾಕಿದ್ದನ್ನು ಅಜ್ಜಿಯೊಬ್ಬರೇ ಹಿಡಿದರು. "ಇದು ಈಗ ಗೊತ್ತಾಗುವುದಿಲ್ಲ, ನುಂಗಿದ ಮೇಲೆ ನಾಲಗೆಯ ಹಿಂದೆ ಕೂತುಕೊಳ್ತದೆ." ಉಳಿದಿಬ್ಬರಿಗೆ ಮರುದಿನ ಅದೇ ಮೊಸರು ಕೊಟ್ಟಾಗ ಅವರಿಗೂ ಕಹಿ ಗೊತ್ತಾಯಿತು. ನಾಲ್ಕನೆಯದನ್ನು ಅತ್ತೆ ಉಗಿದರು.

ಆ ಸ್ಯಾಂಪಲ್‌ಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ನಾನು ಕೆಲಸ ಮಾಡುವಲ್ಲಿಗೆ ಒಯ್ದೆ. ಜೆಲ್‌ನಲ್ಲಿ ಓಡಿಸಿದಾಗ ಪ್ರೋಟೀನ್‌ಗಳು ಪಟ್ಟೆ ಪಟ್ಟೆಯಾಗಿ ಕಾಣುತ್ತವೆ. ಮೂರು ದಿನ ಫ್ರಿಜ್ಜಿನಲ್ಲಿದ್ದ ಹಾಲಿನಲ್ಲಿ ಹೆಪ್ಪು ಹಾಕುವ ಮೊದಲೇ ಬೀಟಾ ಕೇಸೀನ್‌ನ ಪಟ್ಟೆ ತೆಳ್ಳಗಾಗಿತ್ತು. ಅದು ತುಂಡಾದಾಗ ಬರುವ ಗಾಮಾ ಕೇಸೀನ್‌ಗಳು ಬೇರೆಯಾಗಿ ಮೂಡಿದ್ದವು. ಅಂದರೆ ಕತ್ತರಿಸುವ ಕೆಲಸ ಫ್ರಿಜ್ಜಿನಲ್ಲೇ ಶುರುವಾಗಿತ್ತು. ಬಿಡಿಯಾದ ಅಮೈನೋ ತುದಿಗಳನ್ನು ಅಳೆಯುವ ಓಪಿಎ ಪರೀಕ್ಷೆಯ ಸಾಲೂ ಅಜ್ಜಿಯ ಸಾಲೂ ಒಂದೇ ಕ್ರಮದಲ್ಲಿದ್ದವು. ನನ್ನ ವೃತ್ತಿಯಲ್ಲಿ ಇಂಥ ಹೊಂದಾಣಿಕೆ ದಿನಾ ಸಿಗುವುದಿಲ್ಲ.

ಮನೆಯ ಹೆಪ್ಪಿನ ಮೊಸರು ಸಾಮಾನ್ಯವಾಗಿ ಯಾಕೆ ಕಹಿಯಾಗುವುದಿಲ್ಲ ಅಂತ ಭಾವ ಕೇಳಿದ. ಅದರಲ್ಲಿ ಹಲವು ಬ್ಯಾಕ್ಟೀರಿಯಾ ಒಟ್ಟಿಗೆ ಇವೆ. ಒಂದು ಪ್ರೋಟೀನನ್ನು ಕತ್ತರಿಸಿದರೆ ಇನ್ನೊಂದರ ಪೆಪ್ಟಿಡೇಸ್ ಎಂಬ ಕಿಣ್ವ ಆ ಕಹಿ ತುಂಡನ್ನೂ ಮತ್ತೆ ಕತ್ತರಿಸಿ ಅಮೈನೋ ಆಮ್ಲ ಮಾಡುತ್ತದೆ. ಅಲ್ಲಿಗೆ ಕಹಿ ಮುಗಿಯಿತು. ಕತ್ತರಿಸುವ ವೇಗ ಜಾಸ್ತಿಯಾಗಿ ಪುಡಿ ಮಾಡುವವರು ಹಿಂದೆ ಬಿದ್ದರೆ ಕಹಿ ತುಂಡುಗಳು ರಾಶಿ ಬೀಳುತ್ತವೆ. ಭಾವನ ಪೆಟ್ಟಿಗೆಯಲ್ಲಿ ಆದದ್ದು ಅದು.

ಶೇ. 70ರ ವರದಿ

ಈಗ ವರದಿಗೆ ಬರುತ್ತೇನೆ. ನನ್ನ ಲೆಕ್ಕದಲ್ಲಿ ಈ ಪ್ರಕರಣದ ನಿಜವಾದ ಅಪಾಯ ಇದ್ದದ್ದು ಆ ಒಂದು ಹಾಳೆಯಲ್ಲಿ.

ಪರೀಕ್ಷೆಯ ವಿಧಾನ 1971ರಿಂದಲೂ ಬಳಕೆಯಲ್ಲಿರುವಂಥದು. ಕುಶ್ಮನ್ ಮತ್ತು ಚ್ಯೂಂಗ್ ಅವರದು. ಎಸಿಇಗೆ ಒಂದು ಕೃತಕ ತುತ್ತು ಕೊಡುತ್ತೇವೆ. ಅದನ್ನು ಕತ್ತರಿಸಿದಾಗ ಹಿಪ್ಪುರಿಕ್ ಆಮ್ಲ ಬರುತ್ತದೆ. ಮೊಸರಿನ ತಿಳಿ ಸೇರಿಸಿದಾಗ ಆ ಆಮ್ಲ ಎಷ್ಟು ಕಮ್ಮಿಯಾಯಿತೋ ಅಷ್ಟು ತಡೆ. ವಿಧಾನ ಸರಿ ಇದೆ. ಆದರೆ ವರದಿಯಲ್ಲಿ ಮೂರು ವಿಷಯ ಇರಲಿಲ್ಲ.

ಎಷ್ಟು ತಿಳಿ ಹಾಕಿದರು ಅಂತ ಇಲ್ಲ. ಜಾಸ್ತಿ ಹಾಕಿದರೆ ಯಾವ ಮೊಸರೂ ಶೇ. 70 ದಾಟಬಹುದು. ಅದಕ್ಕೇ ನಾವು ಅರ್ಧ ತಡೆಗೆ ಎಷ್ಟು ಬೇಕು ಎಂಬ ಸಂಖ್ಯೆ ಕೊಡುತ್ತೇವೆ, ಬರೀ ಶೇಕಡಾವಾರು ಕೊಡುವುದಿಲ್ಲ. ತಿಳಿಯ ಹುಳಿಯನ್ನು ಸರಿಪಡಿಸಿದರೋ ಅಂತಲೂ ಇಲ್ಲ. ಆ ಕಿಣ್ವ ಚೆನ್ನಾಗಿ ಕೆಲಸ ಮಾಡುವುದು ಪಿಎಚ್ 8.3ರಲ್ಲಿ. ಒಂದು ದಿನ ಹುಳಿ ಬಂದ ಮೊಸರಿನ ತಿಳಿಯನ್ನು ಹಾಗೇ ಸುರಿದರೆ ಆ ಹುಳಿಗೇ ಕಿಣ್ವ ಮಂಕಾಗುತ್ತದೆ. ಪೆಪ್ಟೈಡ್ ಇರಲೇಬೇಕೆಂದಿಲ್ಲ. ಇನ್ನು ಮನೆಯ ಮಾಮೂಲು ಮೊಸರನ್ನು ಪಕ್ಕದಲ್ಲಿಟ್ಟು ಹೋಲಿಸಲೂ ಇಲ್ಲ.

ಹುಳಿ ಸರಿಪಡಿಸಿ, ಬೇರೆ ಬೇರೆ ಅಳತೆಯಲ್ಲಿ, ಮಾಮೂಲು ಮೊಸರಿನ ಜೊತೆ ಇಟ್ಟು ಮತ್ತೆ ನೋಡಿದಾಗ ಹೆಲ್ವೆಟಿಕಸ್ ಮೊಸರಿನಲ್ಲಿ ತಡೆ ಇತ್ತು, ಇಲ್ಲ ಅಂತಲ್ಲ. ಆದರೆ ವರದಿಯ ಹತ್ತಿರಕ್ಕೂ ಬರಲಿಲ್ಲ. ಅಜ್ಜಿಯ ಹೆಪ್ಪಿನ ಮೊಸರಿನಲ್ಲೂ ಸ್ವಲ್ಪ ಇತ್ತು.

ಇಷ್ಟಾದರೂ ಅದು ಗಾಜಿನ ಕೊಳವೆಯ ಮಾತು. ಕೊಳವೆಯಿಂದ ಮಾಸ್ಟ್ರ ರಕ್ತನಾಳದ ತನಕ ದಾರಿ ದೂರ. ಹೊಟ್ಟೆಯಲ್ಲಿ ಪೆಪ್ಸಿನ್, ಕರುಳಿನಲ್ಲಿ ಟ್ರಿಪ್ಸಿನ್, ಕರುಳಿನ ಗೋಡೆಯಲ್ಲಿ ಇನ್ನಷ್ಟು ಕಿಣ್ವಗಳು. ಎರಡು, ಮೂರು ಅಮೈನೋ ಆಮ್ಲದ ತುಂಡುಗಳನ್ನು ಒಳಗೆ ಸೇರಿಸುವ ಬಾಗಿಲು ಕರುಳಿನಲ್ಲಿ ಇದೆ, ನಿಜ. ಆದರೆ ದಾಟುವುದು ಚೂರೇ ಚೂರು. ಐಸೋಲ್ಯೂಸಿನ್-ಪ್ರೋಲೀನ್-ಪ್ರೋಲೀನ್ ಕುಡಿಸಿ ಮನುಷ್ಯರ ರಕ್ತದಲ್ಲಿ ಅಳೆದ ಅಧ್ಯಯನ 2007ರಲ್ಲಿ ಬಂತು. ರಕ್ತದಲ್ಲಿ ಸಿಕ್ಕಿದ್ದು ಒಂದು ನ್ಯಾನೋಮೋಲಾರ್‌ಗೂ ಕಡಿಮೆ. ಕಿಣ್ವವನ್ನು ಅರ್ಧ ತಡೆಯಲು ಬೇಕಾದದ್ದು 5 ಮೈಕ್ರೋಮೋಲಾರ್, ಅಂದರೆ 5,000 ನ್ಯಾನೋಮೋಲಾರ್. ಸಾವಿರಾರು ಪಟ್ಟು ಅಂತರ. ಕ್ಯಾಪ್ಟೋಪ್ರಿಲ್‌ಗೆ ಅದೇ ಕೆಲಸಕ್ಕೆ ಕೆಲವೇ ಹತ್ತು ನ್ಯಾನೋಮೋಲಾರ್ ಸಾಕು. "ನಿಮ್ಮ ಮಾತ್ರೆ ಮಾಡುವ ಕೆಲಸವನ್ನೇ" ಎಂಬ ಮಾತಿನ ಒಳಗೆ ಇಷ್ಟೆಲ್ಲ ಅಡಗಿತ್ತು.

ಹಾಗಾದರೆ ಜಪಾನಿನವರು ಬಿಪಿ ಇಳಿಯಿತು ಅಂದದ್ದು ಸುಳ್ಳೇ? ಅಲ್ಲ. ಅಲ್ಲಿನ ಪಾನೀಯದಲ್ಲಿ ಆ ಎರಡು ತುಂಡುಗಳು ಒಟ್ಟು ಸುಮಾರು 3.4 ಮಿಲಿಗ್ರಾಂ ಇರುವಂತೆ ಅಳೆದು ಕೊಟ್ಟಿದ್ದರು. ಪ್ರತಿ ಬಾಟಲಿಯಲ್ಲೂ ಅಷ್ಟೇ. 2011ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗ ಏಷ್ಯಾದವರಲ್ಲಿ ಮೇಲಿನ ಬಿಪಿ ಸುಮಾರು 7 ಮಿಲಿಮೀಟರ್ ಇಳಿದದ್ದು ಕಂಡಿತು. ಯುರೋಪಿನವರಲ್ಲಿ ಬರೀ ಒಂದರ ಆಸುಪಾಸು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಈ ಬಿಪಿ ಹೇಳಿಕೆಯನ್ನು ಒಪ್ಪಲಿಲ್ಲ. ಆದರೆ ಅದೇ ಸಂಸ್ಥೆ, ಜೀವಂತ ಬ್ಯಾಕ್ಟೀರಿಯಾ ಇರುವ ಮೊಸರು ಲ್ಯಾಕ್ಟೋಸ್ ಒಗ್ಗದವರಿಗೆ ಅದನ್ನು ಅರಗಿಸಿಕೊಳ್ಳಲು ನೆರವಾಗುತ್ತದೆ ಅಂತ 2010ರಲ್ಲಿ ಒಪ್ಪಿತು. ಭಾವನಿಗೆ ಆ ಸುದ್ದಿ ಸಪ್ಪೆ ಅನ್ನಿಸಿತು. ನನಗೆ ಹಾಗಲ್ಲ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ನಮ್ಮ ನಡುವೆ ಎಷ್ಟಿಲ್ಲ? ಅವರು ಮಜ್ಜಿಗೆಯಲ್ಲಿ ಆರಾಮ ಇರುವುದು ಅದರಿಂದಲೇ.

ಎ2 ಎಂಬ ಎರಡಕ್ಷರ

ಲೇಬಲ್‌ನ ಇನ್ನೊಂದು ಮಾತು ಇದು. ಬೀಟಾ ಕೇಸೀನ್ ಸರಪಳಿಯ 67ನೇ ಜಾಗದಲ್ಲಿ ಪ್ರೋಲೀನ್ ಇದ್ದರೆ ಎ2, ಹಿಸ್ಟಿಡಿನ್ ಇದ್ದರೆ ಎ1. ಹಿಸ್ಟಿಡಿನ್ ಇದ್ದಾಗ ಸರಪಳಿ ಅಲ್ಲಿ ಸುಲಭವಾಗಿ ತುಂಡಾಗಿ ಏಳು ಅಮೈನೋ ಆಮ್ಲದ ಕ್ಯಾಸೋಮಾರ್ಫಿನ್ ಬಿಡುತ್ತದೆ. ಅದರಿಂದ ಮಧುಮೇಹ, ಹೃದಯದ ಕಾಯಿಲೆ ಎಲ್ಲ ಬರುತ್ತದೆ ಅನ್ನುವ ವಾದ ದೊಡ್ಡದಾಗಿ ಎದ್ದಿತ್ತು. 2009ರಲ್ಲಿ ಯುರೋಪಿನ ಸಂಸ್ಥೆ ಇದ್ದಬದ್ದ ಪುರಾವೆಯನ್ನೆಲ್ಲ ನೋಡಿ, ಕಾರಣ-ಪರಿಣಾಮದ ಸಂಬಂಧ ಸಿಗಲಿಲ್ಲ ಅಂತ ಹೇಳಿತು.

ದೇಸಿ ದನ ಅಂದರೆ ಎ2 ಅಂತ ಕಣ್ಣು ಮುಚ್ಚಿ ಬರೆಯುವ ಹಾಗೂ ಇಲ್ಲ. ನಮ್ಮ ದೇಶದ ತಳಿಗಳನ್ನು ನೋಡಿದ ಅಧ್ಯಯನದಲ್ಲಿ ಎ2 ಪಾಲು ಶೇ. 98ರಷ್ಟಿತ್ತು, ಸರಿ. ಆದರೆ ಎ1 ಚೂರು ಕಾಣಿಸಿದ ಒಂದೆರಡು ತಳಿಗಳಲ್ಲಿ ನಮ್ಮ ನೆರೆಯ ಮಲೆನಾಡು ಗಿಡ್ಡವೂ ಒಂದು. ಭಾವನ ಹಟ್ಟಿಯ ದನಗಳ ಬಾಲದ ಕೂದಲು ಬೇರು ಸಮೇತ ಕಿತ್ತು ಪರೀಕ್ಷೆಗೆ ಕಳಿಸಿದೆವು. ಒಂದು ಕರಿ ದನದಲ್ಲಿ ಎ1 ಮತ್ತು ಎ2 ಎರಡೂ ಇದ್ದವು. ಅದರ ಅಜ್ಜಿಗೆ ಯಾವಾಗಲೋ ಜೆರ್ಸಿ ಇಂಜೆಕ್ಷನ್ ಕೊಡಿಸಿದ್ದು ಆಮೇಲೆ ಅತ್ತೆಗೆ ನೆನಪಾಯಿತು. ಎಲ್ಲ ಹಾಲೂ ಒಂದೇ ಕ್ಯಾನಿಗೆ ಹೋಗುತ್ತಿದ್ದ ಮೇಲೆ 'ಎ2' ಅಂತ ಬರೆದದ್ದು ನಿಲ್ಲುವುದಿಲ್ಲ. ಅಂದ ಹಾಗೆ, ಎಮ್ಮೆ ಹಾಲೂ ಎ2 ಬಗೆಯದೇ. 

ಏನು ಬದಲಾಯಿತು

ಹಾಲು ಒಟ್ಟು ಮಾಡುವ ಕ್ರಮ ಮೊದಲು ಬದಲಾಯಿತು. ಕರೆದ ಹಾಲನ್ನು ಅಂದಂದೇ ಕಾಯಿಸಿ ಅಂದಂದೇ ಹೆಪ್ಪು ಹಾಕುತ್ತಾರೆ. ಬಾಟಲಿ ಕಮ್ಮಿ, ಆದರೆ ದಿನಾ. ಗಿರಾಕಿಗಳನ್ನು ವಾರದ ಬೇರೆ ಬೇರೆ ದಿನಕ್ಕೆ ಹಂಚಿದರು. ಬತ್ತಲು ಬಂದ ದನದ ಹಾಲು ಮನೆಯ ಕಾಫಿಗೆ. ಮೊಸರಾದ ಕೂಡಲೇ ಫ್ರಿಜ್ಜಿಗೆ, ಕರೆಂಟು ಹೋದರೆ ಐಸ್ ತುಂಬಿದ ಥರ್ಮಾಕೋಲ್ ಪೆಟ್ಟಿಗೆಗೆ. ಕಹಿಯ ದೂರು ನಿಂತಿತು.

ಹೆಲ್ವೆಟಿಕಸ್ ಅನ್ನು ಪೂರ್ತಿ ಬಿಡು ಅಂತ ನಾನು ಹೇಳಲಿಲ್ಲ. ಮನೆಯ ಹೆಪ್ಪಿನ ಜೊತೆ ಚೂರು ಸೇರಿಸಿ ರಾತ್ರಿಯಿಂದ ಬೆಳಿಗ್ಗೆ ತನಕ ಮಾತ್ರ ಇಟ್ಟರೆ ಮೊಸರು ರುಚಿಯಾಗಿಯೇ ಬರುತ್ತದೆ. ಭಾವ ಅದನ್ನು ಮಾಡಿ ನೋಡಿದ. ಅಜ್ಜಿ ಒಪ್ಪಿದರು. ಆದರೂ ಮಾರಾಟಕ್ಕೆ ಮನೆಯ ಹೆಪ್ಪೇ ಇರಲಿ ಅಂತ ಅತ್ತೆ ಪಟ್ಟು ಹಿಡಿದರು. ಪುಡಿಗೆ ಕೊಡುವ ದುಡ್ಡು ಉಳಿಯುತ್ತದಲ್ಲ.

ಲೇಬಲ್ ವಿಷಯದಲ್ಲಿ ಜಗಳವೇ ಆಯಿತು. 2006ರ ಆಹಾರ ಸುರಕ್ಷತಾ ಕಾಯ್ದೆಯ 53ನೇ ಸೆಕ್ಷನ್ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿ ತನಕ ದಂಡ ಇದೆ. ಕಾಯಿಲೆ ಗುಣ ಮಾಡುತ್ತದೆ, ತಡೆಯುತ್ತದೆ ಅಂತ ಆಹಾರದ ಮೇಲೆ ಹೀಗೆ ಬರೆಯುವಂತಿಲ್ಲ. ಅದನ್ನು ತೋರಿಸಿದೆ. "ಬಿಪಿ ತೆಗೆದರೆ ಉಳಿದ ಮೊಸರಿಗೂ ನನ್ನದಕ್ಕೂ ವ್ಯತ್ಯಾಸ ಎಂಥದು ಭಾವಾ?" ಅಂತ ಅವನು. ಕೇಳಬೇಕಾದ ಪ್ರಶ್ನೆಯೇ. ಬೆಲೆ ಜಾಸ್ತಿ ಇಟ್ಟಿದ್ದಾನೆ, ಇಡಲೇಬೇಕು, ಒಂದೆರಡು ಲೀಟರಿನ ದನಗಳನ್ನು ಸಾಕಿ ಉಳಿಸಿಕೊಳ್ಳುವುದು ಇನ್ನು ಹೇಗೆ? ನನ್ನ ಉತ್ತರ ಇಷ್ಟು: ಗುಡ್ಡದಲ್ಲಿ ಮೇದ ಗಿಡ್ಡ ದನದ ಹಾಲು, ಅಂದಂದೇ ಹೆಪ್ಪು ಹಾಕಿದ್ದು. ಇದು ನಿಜ, ಮತ್ತು ಇದನ್ನು ದೊಡ್ಡ ಡೈರಿಗಳು ಬರೆಯಲಾರವು. ಈಗಿನ ಲೇಬಲ್‌ನಲ್ಲಿ ಹೆಚ್ಚುಕಡಿಮೆ ಅದೇ ಇದೆ. ಮಾಸ್ಟ್ರ ಮನೆಗೆ ಈಗಲೂ ಮೊಸರು ಹೋಗುತ್ತದೆ. ಮಾತ್ರೆಯನ್ನು ಮಗಳು ದಿನಾ ಸಂಜೆ ಫೋನಿನಲ್ಲಿ ವಿಚಾರಿಸುತ್ತಾಳಂತೆ.

ಇತ್ಯರ್ಥವಾಗದೆ ಉಳಿದದ್ದು ತುಪ್ಪ. ಮಿಕ್ಕ ಮೊಸರು ಕಡೆದು ಬೆಣ್ಣೆ ತೆಗೆದು ಕಾಯಿಸುತ್ತಾರೆ. ಆ ಬಾಟಲಿಯ ಮೇಲೆ 'ಎ2 ತುಪ್ಪ' ಅಂತ ಇದೆ. ತುಪ್ಪ ಅಂದರೆ ಬಹುಪಾಲು ಬರೀ ಕೊಬ್ಬು. ಎ1, ಎ2 ಎಂಬ ಭೇದ ಇರುವುದು ಪ್ರೋಟೀನಿನಲ್ಲಿ, ಅದು ಬೆಣ್ಣೆ ಕಾಯಿಸುವಾಗ ಪಾತ್ರೆಯ ತಳದಲ್ಲಿ ಗಸಿಯಾಗಿ ಉಳಿಯುತ್ತದೆ. 2024ರ ಆಗಸ್ಟ್ 21ರಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ಹಾಲು ಮತ್ತು ತುಪ್ಪದಂಥವುಗಳ ಮೇಲಿನ ಎ1, ಎ2 ಹೇಳಿಕೆ ತೆಗೆಯಿರಿ ಅಂತ ಆದೇಶಿಸಿತ್ತು. ಐದು ದಿನದಲ್ಲಿ, ಆಗಸ್ಟ್ 26ಕ್ಕೆ, ಇನ್ನಷ್ಟು ಚರ್ಚೆ ಬೇಕು ಅಂತ ಅದನ್ನೇ ಹಿಂತೆಗೆದುಕೊಂಡಿತು. ಭಾವ ಆ ಎರಡನೆಯ ಕಾಗದವನ್ನು ಮೊಬೈಲಿನಲ್ಲಿ ಇಟ್ಟುಕೊಂಡಿದ್ದಾನೆ. ನಾನು ತುಪ್ಪದ ಮಾತೆತ್ತಿದಾಗಲೆಲ್ಲ ತೆಗೆದು ತೋರಿಸುತ್ತಾನೆ. "ಪ್ರೋಟೀನೇ ಇಲ್ಲದ್ದಕ್ಕೆ ಪ್ರೋಟೀನಿನ ಹೆಸರು ಯಾಕೆ?" ಅಂದರೆ, "ಗಿರಾಕಿ ಕೇಳುವುದು ಹಾಗೆ ಭಾವಾ" ಅನ್ನುತ್ತಾನೆ. ಕರಿ ದನವನ್ನು ಬೇರೆ ಕರೆಯಲು ಶುರು ಮಾಡಿದ್ದಾನೆ, ಅಷ್ಟರ ಮಟ್ಟಿಗೆ ನನ್ನ ಮಾತು ನಡೆದಿದೆ.